ಕುಡಿದ ಆನೆ, ಪೆಗ್ ಏರಿಸುವ ಚಿಂಪಾಂಜಿ: ಈ ಸುದ್ದಿಗಳಲ್ಲಿ ಸತ್ಯವೆಷ್ಟು, ಅಮಲೆಷ್ಟು?

ಆಫ್ರಿಕಾದ ಚಿಂಪಾಂಜಿಗಳು ದಿನಕ್ಕೆ ಎರಡು ಡ್ರಿಂಕ್‌ನಷ್ಟು ಮದ್ಯ ಸೇವಿಸುತ್ತವೆ ಎಂಬ ಸುದ್ದಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಪಂಚವನ್ನೆಲ್ಲ ಸುತ್ತಿ ಬಂತು. ನವೆಂಬರ್ ಕೊನೆಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಲ್ಯಾಂಡ್ ಎಂಬ ಊರಿನ ಮದ್ಯದಂಗಡಿಗೆ ರಕೂನ್ ಎಂಬ ಸಣ್ಣ ಕಾಡುಪ್ರಾಣಿಯೊಂದು ನುಗ್ಗಿ, ಬಾಟಲಿಗಳನ್ನು ಉರುಳಿಸಿ, ಸೋರಿದ್ದನ್ನು ನೆಕ್ಕಿ, ಕೊನೆಗೆ ಶೌಚಾಲಯದ ನೆಲದ ಮೇಲೆ ಬಿದ್ದುಕೊಂಡಿದ್ದ ಚಿತ್ರ ಬಂತು. ಇಂಥ ಸುದ್ದಿ ಬಂದಾಗಲೆಲ್ಲ, ಒಡಿಶಾದಲ್ಲಿ ನಾಡಹೆಂಡ ಕುಡಿದು ಮಲಗಿದವೆನ್ನಲಾದ 24 ಆನೆಗಳ ಹಳೆಯ ಸುದ್ದಿಯೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೊಸದಾಗಿ ಎದ್ದು ಓಡಾಡುತ್ತದೆ. ಹೆಂಡ ಕುಡಿದ ಕೋತಿಗೆ ಚೇಳು ಕಡಿದ ಗಾದೆಯನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ನಗುವಿಗೇನೂ ಕೊರತೆಯಿಲ್ಲ. ಆದರೆ ಬನ್ನೇರುಘಟ್ಟದ ಕಾಡು ಊರಿಗೆ ಅಂಟಿಕೊಂಡಿರುವ ಬೆಂಗಳೂರಿನಂಥ ನಗರದಲ್ಲಿ ಆನೆ ಊರಿಗೆ ಬರುವುದು ಏಕೆ ಎಂಬ ಪ್ರಶ್ನೆ ಬರಿಯ ನಗೆಯ ವಿಷಯವಾಗಿ ಉಳಿಯುವುದಿಲ್ಲ.

ಈ ಸುದ್ದಿಗಳು ಓದುಗರಲ್ಲಿ ಗೊಂದಲ ಹುಟ್ಟಿಸುವುದಕ್ಕೆ ಕಾರಣವೊಂದಿದೆ. ಪ್ರಾಣಿಯೊಂದರ ಹೊಟ್ಟೆಗೆ ಎಥೆನಾಲ್ (ಮದ್ಯದಲ್ಲಿ ಅಮಲೇರಿಸುವ ಅಂಶ) ಹೋಗುವುದು, ಆ ಎಥೆನಾಲ್‌ನಿಂದ ಪ್ರಾಣಿಗೆ ಅಮಲೇರುವುದು, ಅಮಲಿಗಾಗಿಯೇ ಪ್ರಾಣಿ ಅದನ್ನು ಹುಡುಕಿಕೊಂಡು ಹೋಗುವುದು ಇವು ಮೂರೂ ಬೇರೆ ಬೇರೆ ಸಂಗತಿಗಳು. ಮೊದಲನೆಯದಕ್ಕೆ ಇಂದು ಹೇರಳ ಪುರಾವೆಯಿದೆ, ಎರಡನೆಯದಕ್ಕೆ ಅಲ್ಲೊಂದು ಇಲ್ಲೊಂದು ಮಾತ್ರ ಇದೆ, ಮೂರನೆಯದಕ್ಕೆ ಕಾಡಿನ ಮಟ್ಟಿಗೆ ಪುರಾವೆ ತೀರಾ ತೆಳು. ತಲೆಬರಹಗಳು ಮೊದಲನೆಯದರ ಪುರಾವೆಯನ್ನು ಹಿಡಿದು ಮೂರನೆಯದನ್ನು ಸಾರುತ್ತವೆ.

ಎರಡು ಪೆಗ್‌ನ ಲೆಕ್ಕ

ಚಿಂಪಾಂಜಿಗಳ ಅಧ್ಯಯನವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಉಗಾಂಡದ ಎನ್‌ಗೊಗೊ ಮತ್ತು ಐವರಿ ಕೋಸ್ಟ್‌ನ ತಾಯಿ (Taï) ಎಂಬ ಹೆಸರಿನ ಕಾಡುಗಳಲ್ಲಿ ಚಿಂಪಾಂಜಿಗಳು ತಿನ್ನುವ 21 ಜಾತಿಯ ಹಣ್ಣುಗಳನ್ನು ಆರಿಸಿ, ಅವುಗಳಲ್ಲಿರುವ ಎಥೆನಾಲ್ ಅಳೆದರು. ಸರಾಸರಿ ಪ್ರಮಾಣ ತೂಕದಲ್ಲಿ ಶೇ 0.26. ಚಿಂಪಾಂಜಿಯೊಂದು ದಿನಕ್ಕೆ ಸುಮಾರು ನಾಲ್ಕೂವರೆ ಕಿಲೋ ಹಣ್ಣು ತಿನ್ನುತ್ತದೆ. ಅದು ಹೆಚ್ಚಾಗಿ ತಿನ್ನುವ ಹಣ್ಣುಗಳಲ್ಲಿ ಎಥೆನಾಲ್ ಸರಾಸರಿಗಿಂತ ತುಸು ಹೆಚ್ಚು ಇರುವುದನ್ನೂ ಸೇರಿಸಿಕೊಂಡರೆ ದಿನಕ್ಕೆ ಸುಮಾರು 14 ಗ್ರಾಂ ಆಗುತ್ತದೆ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ ಇಷ್ಟೇ. ಚಿಂಪಾಂಜಿಯ ಮೈತೂಕ ಮನುಷ್ಯನದಕ್ಕಿಂತ ಕಡಿಮೆ ಇರುವುದರಿಂದ, ತೂಕಕ್ಕೆ ಹೊಂದಿಸಿದಾಗ ಅದು ಎರಡು ಡ್ರಿಂಕ್‌ಗೆ ಹತ್ತಿರವಾಗುತ್ತದೆ. ಸುದ್ದಿ ಹುಟ್ಟಿದ್ದು ಇಲ್ಲಿ.

ನಮ್ಮ ಅಳತೆಗೆ ತಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಶೇ 42.8 ಮದ್ಯಸಾರವಿರುವ 30 ಮಿಲಿಲೀಟರ್‌ನ ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಎಥೆನಾಲ್ ಇರುತ್ತದೆ. 650 ಮಿಲಿಲೀಟರ್‌ನ ಶೇ 5ರ ಬಿಯರ್ ಬಾಟಲಿಯಲ್ಲಿ 25 ಗ್ರಾಂ ಮೀರುತ್ತದೆ. ಅಂದರೆ ಚಿಂಪಾಂಜಿಯ ಇಡೀ ದಿನದ ಪಾಲು ಒಂದೂವರೆ ಸಣ್ಣ ಪೆಗ್ ಅಥವಾ ಅರ್ಧ ಬಾಟಲಿ ಬಿಯರ್‌ನ ಆಸುಪಾಸು. ಆ ಪಾಲು ಅದರ ಹೊಟ್ಟೆಗೆ ಸೇರುವುದು ಬೆಳಗಿನಿಂದ ಸಂಜೆಯವರೆಗೆ, ಕಿಲೋಗಟ್ಟಲೆ ತಿರುಳು, ನಾರು, ನೀರಿನ ಜೊತೆ, ಚೂರು ಚೂರಾಗಿ. ಮೈತೂಕದ ವ್ಯತ್ಯಾಸವನ್ನೂ ಹಿಡಿದರೆ, ಒಂದು ಬಾಟಲಿ ಬಿಯರನ್ನು ಹನ್ನೆರಡು ಗಂಟೆಗಳ ಕಾಲ ಊಟದ ಜೊತೆ ಚಮಚದಲ್ಲಿ ಹೀರಿದವನಿಗೆ ಎಷ್ಟು ಅಮಲೇರಬಹುದೋ ಅಷ್ಟೇ ಚಿಂಪಾಂಜಿಗೂ ಏರಬಹುದು. ಅಮಲಿನ ಲಕ್ಷಣ ಕಾಣಬೇಕಾದರೆ ಹೊಟ್ಟೆ ಬಿರಿಯುವಷ್ಟು ಹಣ್ಣು ತಿನ್ನಬೇಕಾದೀತು ಎಂದು ಸಂಶೋಧಕರೇ ಹೇಳಿದ್ದಾರೆ. ತಲೆಬರಹದಲ್ಲಿ ಆ ಮಾತಿಗೆ ಜಾಗ ಸಿಗಲಿಲ್ಲ.

ಕಾಡಿನಲ್ಲಿ ಮದ್ಯ ಹುಟ್ಟುವ ಬಗೆ

ಸಕ್ಕರೆ, ತೇವ, ಬೆಚ್ಚನೆಯ ಗಾಳಿ ಮತ್ತು ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರ ಸೇರಿದ ಕಡೆಯಲ್ಲೆಲ್ಲ ಎಥೆನಾಲ್ ಹುಟ್ಟುತ್ತದೆ. ಹೂಬಿಡುವ ಸಸ್ಯಗಳು ಸಿಹಿ ಮಕರಂದ ಮತ್ತು ತಿರುಳಿನ ಹಣ್ಣುಗಳನ್ನು ಬಿಡಲು ಆರಂಭಿಸಿದ ಕಾಲದಿಂದ, ಅಂದರೆ ಸುಮಾರು 10 ಕೋಟಿ ವರ್ಷಗಳಿಂದ, ಈ ಕ್ರಿಯೆ ನಡೆದೇ ಇದೆ. ಮಳೆಗಾಲದ ಮುಂಚೆ ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಅತ್ತಿ ಮರದ ಬುಡದಲ್ಲಿ ನಿಂತರೆ ಇದು ಮೂಗಿಗೇ ತಿಳಿಯುತ್ತದೆ: ಉದುರಿ ಒಡೆದ ಹಣ್ಣುಗಳಿಂದ ಹುಳಿ ಹಿಡಿದ ದೋಸೆ ಹಿಟ್ಟನ್ನು ಹೋಲುವ ಘಾಟು ಏಳುತ್ತಿರುತ್ತದೆ, ಹಣ್ಣುನೊಣಗಳು ಮುತ್ತಿರುತ್ತವೆ, ಒಮ್ಮೊಮ್ಮೆ ಚಿಟ್ಟೆಯೊಂದು ಸೊಂಡಿಲು ಚಾಚಿ ರಸ ಹೀರುತ್ತ ಕೂತಿರುತ್ತದೆ. ಇಂಥ ಚಿಟ್ಟೆಗಳನ್ನು ಹಿಡಿದು ಅಧ್ಯಯನ ಮಾಡುವವರು ಕಳಿತ ಬಾಳೆಹಣ್ಣಿಗೆ ಬಿಯರ್ ಇಲ್ಲವೇ ರಮ್ ಬೆರೆಸಿ ಬಲೆಯೊಳಗೆ ಇಡುವುದು ರೂಢಿ.

ಕಾಡಿನ ಹೆಚ್ಚಿನ ಹಣ್ಣುಗಳಲ್ಲಿ ಎಥೆನಾಲ್ ಪ್ರಮಾಣ ಶೇ 1ನ್ನು ದಾಟುವುದಿಲ್ಲ, ದಾಟಿದರೂ ಶೇ 2ರೊಳಗೆ ನಿಲ್ಲುತ್ತದೆ. ಅಪವಾದಗಳೂ ಇವೆ. ಪನಾಮದಲ್ಲಿ ಅತಿಯಾಗಿ ಕಳಿತ ತಾಳೆ ಜಾತಿಯ ಹಣ್ಣುಗಳಲ್ಲಿ ಶೇ 10ರಷ್ಟು ಎಥೆನಾಲ್ ದಾಖಲಾಗಿದೆ. ಮಲೇಷ್ಯಾದ ಬೆರ್ಟಾಮ್ ತಾಳೆಯ ಹೂವಿನ ಮಕರಂದ ಶೇ 3.8ರವರೆಗೆ ಹುದುಗುತ್ತದೆ. ಇಲಿಯನ್ನು ಹೋಲುವ, ಅಲ್ಲಿನ ಗರಿಬಾಲದ ಪುಟ್ಟ ಮರಮೂಗಿಲಿ ರಾತ್ರಿಯೆಲ್ಲ ಆ ಮಕರಂದ ನೆಕ್ಕುವುದನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಆ ಪ್ರಾಣಿಯ ಕೂದಲಿನಲ್ಲಿ ಮದ್ಯ ಸೇವನೆಯ ರಾಸಾಯನಿಕ ಗುರುತು ಧಾರಾಳವಾಗಿ ಸಿಕ್ಕಿತು. ತೂರಾಡುವ ಲಕ್ಷಣ ಮಾತ್ರ ಕಾಣಲಿಲ್ಲ. ಅಂಗೈಯಗಲದ ಪ್ರಾಣಿ ಕೊಂಬೆಯ ಮೇಲೆ ತೂರಾಡಿದರೆ ಗೂಬೆಯ ಬಾಯಿಗೆ ಬೀಳುತ್ತದೆ. ಹಾಗಾಗಿ ಮದ್ಯವನ್ನು ಬೇಗ ಅರಗಿಸಿಕೊಳ್ಳಬಲ್ಲ ಮರಿಗಳೇ ಉಳಿದು ಸಂತತಿ ಬೆಳೆಸುತ್ತವೆ. ಮದ್ಯದ ನಡುವೆ ಬದುಕುವ ಜೀವಿಗಳಲ್ಲಿ ಅಮಲೇರುವುದು ಅಪರೂಪವಾಗಿರುವುದಕ್ಕೆ ಮೂಲ ಕಾರಣ ಇದೇ. ಇದರ ತುತ್ತತುದಿಯ ಉದಾಹರಣೆ ಓರಿಯಂಟಲ್ ಕಡಜದ್ದು: 2024ರಲ್ಲಿ ಇಸ್ರೇಲಿನ ಸಂಶೋಧಕರು ಶೇ 80ರಷ್ಟು ಎಥೆನಾಲ್ ಇದ್ದ ಸಕ್ಕರೆ ದ್ರಾವಣವನ್ನು ಕುಡಿಸಿದರೂ ಅದರ ನಡವಳಿಕೆಯಲ್ಲಾಗಲಿ ಆಯುಸ್ಸಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಆನೆಗೆ ಅಮಲೇರಲು ಎಷ್ಟು ಬೇಕು?

ಆಫ್ರಿಕಾದ ಮರೂಲಾ ಹಣ್ಣು ತಿಂದು ಆನೆಗಳು ತೂರಾಡುತ್ತವೆ ಎಂಬ ಕಥೆ ಶತಮಾನಕ್ಕೂ ಹಳೆಯದು. 1974ರ ಜನಪ್ರಿಯ ಸಾಕ್ಷ್ಯಚಿತ್ರವೊಂದು ಅದನ್ನು ಮನೆಮನೆಗೆ ಮುಟ್ಟಿಸಿತು. ಅದೇ ಹಣ್ಣಿನಿಂದ ತಯಾರಾಗುವ ದಕ್ಷಿಣ ಆಫ್ರಿಕಾದ ಅಮರೂಲಾ ಎಂಬ ಮದ್ಯದ ಬಾಟಲಿಯ ಮೇಲೂ ಆನೆಯ ಚಿತ್ರವಿದೆ. 2006ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಈ ಕಥೆಯನ್ನು ಲೆಕ್ಕಕ್ಕೆ ಹಚ್ಚಿದರು. ಮೂರು ಸಾವಿರ ಕಿಲೋ ತೂಕದ ಆನೆಯ ನಡವಳಿಕೆಯಲ್ಲಿ ಬದಲಾವಣೆ ಕಾಣಬೇಕಾದರೆ, ಮನುಷ್ಯನ ದೇಹಧರ್ಮವನ್ನು ಆಧಾರವಾಗಿಟ್ಟುಕೊಂಡು ನೋಡಿದಾಗ, ಅದು ಶೇ 7ರ ಮದ್ಯವನ್ನು 10ರಿಂದ 27 ಲೀಟರ್‌ನಷ್ಟು ಅಲ್ಪ ಸಮಯದಲ್ಲಿ ಕುಡಿಯಬೇಕು. ಇದನ್ನೇ ಹಣ್ಣಿಗೆ ಪರಿವರ್ತಿಸಿದರೆ, ಶೇ 1ರಷ್ಟು ಎಥೆನಾಲ್ ಇರುವ ಹಣ್ಣು ಕನಿಷ್ಠ 55 ಕಿಲೋ ಒಂದೇ ಗುಕ್ಕಿನಲ್ಲಿ ಹೊಟ್ಟೆ ಸೇರಬೇಕು, ನಡುವೆ ನೀರು ಕುಡಿಯಬಾರದು, ಬೇರೆ ಸೊಪ್ಪು ಸದೆ ತಿನ್ನಬಾರದು. ಆನೆಗಳು ಹಾಗೆ ಮಾಡುವುದಿಲ್ಲ. ಅಲ್ಲದೆ ಅವು ಕೊಳೆತ ಹಣ್ಣಿಗಿಂತ ಮರದಲ್ಲಿರುವ ಹಣ್ಣನ್ನೇ ಹೆಚ್ಚು ಇಷ್ಟಪಡುತ್ತವೆ. ತೂರಾಟ ನಿಜವೇ ಆಗಿದ್ದರೆ ಅದಕ್ಕೆ ಕಾರಣ ಬೇರೆಯೂ ಇರಬಹುದು ಎಂದು ಆ ವಿಜ್ಞಾನಿಗಳು ಸೂಚಿಸಿದರು: ಆನೆಗಳು ಮರೂಲಾದ ತೊಗಟೆಯನ್ನೂ ತಿನ್ನುತ್ತವೆ, ಆ ತೊಗಟೆಯಲ್ಲಿ ಸಿಗುವ ಒಂದು ಬಗೆಯ ಜೀರುಂಡೆಯ ಕೋಶವನ್ನು ಸ್ಥಳೀಯ ಬೇಟೆಗಾರರು ಬಾಣದ ತುದಿಗೆ ವಿಷವಾಗಿ ಹಚ್ಚುತ್ತಿದ್ದರು.

ಪ್ರಕರಣ ಮುಗಿಯಿತು ಎನ್ನುವಷ್ಟರಲ್ಲಿ, 2020ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ಲೆಕ್ಕದ ಬುಡಕ್ಕೇ ಕೈಹಾಕಿದರು. ಮನುಷ್ಯನ ದೇಹಧರ್ಮವನ್ನು ಆನೆಗೆ ಅನ್ವಯಿಸಿದ್ದೇ ತಪ್ಪು ಎಂಬುದು ಅವರ ವಾದ. ಬಾಯಿ, ಅನ್ನನಾಳ, ಜಠರಗಳಲ್ಲಿ ಎಥೆನಾಲನ್ನು ಒಡೆಯುವ ಕಿಣ್ವವನ್ನು ರೂಪಿಸುವ ಎಡಿಎಚ್7 ಎಂಬ ವಂಶವಾಹಿಯನ್ನು ಅವರು 85 ಸಸ್ತನಿಗಳಲ್ಲಿ ಪರೀಕ್ಷಿಸಿದರು. ಸುಮಾರು 1 ಕೋಟಿ ವರ್ಷಗಳ ಹಿಂದೆ ಮನುಷ್ಯ, ಚಿಂಪಾಂಜಿ, ಗೊರಿಲ್ಲಾಗಳ ಸಮಾನ ಪೂರ್ವಜರಲ್ಲಿ ಈ ವಂಶವಾಹಿಯಲ್ಲಿ ಆದ ಒಂದೇ ಒಂದು ಸಣ್ಣ ಮಾರ್ಪಾಟಿನಿಂದ ಎಥೆನಾಲನ್ನು ಒಡೆಯುವ ಅದರ ಸಾಮರ್ಥ್ಯ 40 ಪಟ್ಟು ಹೆಚ್ಚಿತ್ತು ಎಂಬುದು 2015ರಲ್ಲೇ ಗೊತ್ತಾಗಿತ್ತು. ಆನೆಗಳಲ್ಲಿ ಆ ವಂಶವಾಹಿ ಕೆಲಸವನ್ನೇ ನಿಲ್ಲಿಸಿರುವುದನ್ನು ಹೊಸ ಅಧ್ಯಯನ ತೋರಿಸಿತು. ಆದ್ದರಿಂದ ದೇಹ ಎಷ್ಟೇ ದೊಡ್ಡದಾದರೂ ಆನೆಗೆ ಮನುಷ್ಯನ ಲೆಕ್ಕಕ್ಕಿಂತ ಕಡಿಮೆ ಮದ್ಯ ಸಾಕಾಗಬಹುದು.

ಈ ಎರಡು ವಾದಗಳ ಪೈಕಿ ಒಂದು ಗೆದ್ದು ಇನ್ನೊಂದು ಸೋತಿದೆ ಎನ್ನುವಂತಿಲ್ಲ. ಎಡಿಎಚ್7 ಇಲ್ಲದಿದ್ದರೂ ಯಕೃತ್ತಿನಲ್ಲಿ ಬೇರೆ ಕಿಣ್ವಗಳು ಅದೇ ಕೆಲಸ ಮಾಡುತ್ತವೆ. ಹಾಗಾಗಿ 2020ರ ಅಧ್ಯಯನ ‘ಸಾಧ್ಯವಿಲ್ಲ’ ಎಂಬ ಮಾತನ್ನು ‘ಸಾಧ್ಯವಿರಬಹುದು’ ಎಂಬಲ್ಲಿಗೆ ತಂದು ನಿಲ್ಲಿಸಿತೇ ಹೊರತು, ಕಾಡಿನ ಆನೆಗಳು ಹಣ್ಣು ತಿಂದು ಅಮಲೇರಿಸಿಕೊಳ್ಳುತ್ತವೆ ಎಂದು ಸಾಬೀತು ಮಾಡಲಿಲ್ಲ. ಮನುಷ್ಯ ಮಾಡಿಟ್ಟ ಮದ್ಯದ ವಿಷಯ ಬೇರೆ. 1984ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸಾಕಿದ ಆನೆಗಳು ಶೇ 7ರ ಮದ್ಯದ ದ್ರಾವಣವನ್ನು ತಾವಾಗಿಯೇ ಕುಡಿದವು, ಅಮಲಿನ ಲಕ್ಷಣಗಳನ್ನೂ ತೋರಿದವು. ಅವುಗಳ ಓಡಾಟದ ಜಾಗವನ್ನು ಕಿರಿದುಗೊಳಿಸಿದಾಗ ಕುಡಿಯುವ ಪ್ರಮಾಣ ಹೆಚ್ಚಿತು ಎಂಬುದು ಆ ಪ್ರಯೋಗದ ಯೋಚನೆಗೆ ಹಚ್ಚುವ ಅಂಶ.

ಈಗ ಒಡಿಶಾಕ್ಕೆ ಬರೋಣ. 2022ರ ನವೆಂಬರ್‌ನಲ್ಲಿ ಕೆಂದುಝರ್ ಜಿಲ್ಲೆಯ ಶಿಲಿಪದ ಗೇರುಕಾಡಿಗೆ ಬೆಳಗ್ಗೆ ಮದ್ಯ ಕಾಯಿಸಲು ಹೋದ ಹಳ್ಳಿಗರಿಗೆ ಕಂಡದ್ದು ಒಡೆದ ಮಡಕೆಗಳು ಮತ್ತು ಪಕ್ಕದಲ್ಲಿ ಮಲಗಿದ್ದ 24 ಆನೆಗಳು. ಮಡಕೆಗಳಲ್ಲಿ ಮಹುವಾ ಹೂವನ್ನು ನೀರಿನಲ್ಲಿ ಕೊಳೆಹಾಕಲಾಗಿತ್ತು. ಮಹುವಾ ಎಂದರೆ ನಮ್ಮ ಹಿಪ್ಪೆ. ಗುಂಪಿನಲ್ಲಿ 9 ಮರಿಗಳಿದ್ದವು ಎಂದು ವರದಿಯಾಗಿತ್ತು. ಉಳಿದ 15 ದೊಡ್ಡ ಆನೆಗಳಿಗೆ 2006ರ ಲೆಕ್ಕವನ್ನು ಸುಮಾರಾಗಿ ಅನ್ವಯಿಸಿದರೂ 150ರಿಂದ 400 ಲೀಟರ್ ಬೇಕಾಗುತ್ತದೆ; ಕ್ಯಾಲ್ಗರಿಯ ವಾದ ಸರಿಯಾದರೆ ಅದಕ್ಕಿಂತ ಕಡಿಮೆ ಸಾಕು. ಆನೆಗಳು ಕುಡಿದವು ಎಂಬುದು ಹಳ್ಳಿಗರ ಅಭಿಪ್ರಾಯ. ಅವು ಕುಡಿದು ಮಲಗಿದ್ದವೋ ಸುಮ್ಮನೆ ವಿಶ್ರಾಂತಿ ಪಡೆಯುತ್ತಿದ್ದವೋ ಖಚಿತವಾಗಿ ಹೇಳಲಾಗದು ಎಂದು ಅರಣ್ಯ ಸಿಬ್ಬಂದಿ ಅಂದೇ ಹೇಳಿದ್ದರು. ತಮಟೆ ಬಡಿದು ಎಬ್ಬಿಸಿದಾಗ ಗುಂಪು ಎದ್ದು ಕಾಡಿನೊಳಕ್ಕೆ ನಡೆಯಿತು. ಇಷ್ಟರಿಂದ ಮಡಕೆ ಒಡೆದದ್ದು ಆನೆಗಳೇ ಎಂದು ನಂಬಬಹುದು, ಅಮಲಿನ ಮಾತು ಅನುಮಾನದಲ್ಲೇ ಉಳಿಯುತ್ತದೆ. 2020ರ ಮಾರ್ಚ್‌ನಲ್ಲಿ ಚೀನಾದ ಯುನಾನ್ ಪ್ರಾಂತ್ಯದಲ್ಲಿ ಆನೆಗಳು ಜೋಳದ ಮದ್ಯ ಕುಡಿದು ಚಹಾ ತೋಟದಲ್ಲಿ ಮಲಗಿವೆ ಎಂದು ಹರಿದಾಡಿದ ಚಿತ್ರಗಳಂತೂ ಸುಳ್ಳೆಂದು ಅಲ್ಲಿನ ಅಧಿಕಾರಿಗಳೇ ತಿಳಿಸಿದರು. ಆ ಸ್ಪಷ್ಟನೆಯನ್ನು ಹಂಚಿಕೊಂಡವರು ಕಡಿಮೆ.

‘ಮದ’ ಎಂಬ ಪದದ ತೊಡಕು

ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಗಂಡಾನೆಗೆ ವರ್ಷಕ್ಕೊಮ್ಮೆ ಏರುವ ಸ್ಥಿತಿಯನ್ನೂ ಕುಡಿದವನಿಗೆ ಏರುವ ಸ್ಥಿತಿಯನ್ನೂ ನಾವು ‘ಮದ’ ಎಂಬ ಒಂದೇ ಪದದಿಂದ ಕರೆಯುತ್ತೇವೆ. ‘ಮದ್ಯ’ ಎಂಬುದೂ ಅದೇ ಧಾತುವಿನಿಂದ ಬಂದದ್ದು. ಆನೆಯ ಮದಕ್ಕೆ ಮದ್ಯದ ಸಂಬಂಧವೇ ಇಲ್ಲ. ಆಗ ಗಂಡಾನೆಯ ರಕ್ತದಲ್ಲಿ ಟೆಸ್ಟೋಸ್ಟೀರಾನ್ ಎಂಬ ಗಂಡು ಹಾರ್ಮೋನು ಹಲವು ಪಟ್ಟು ಏರುತ್ತದೆ, ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಮದಜಲ ಕೆನ್ನೆಯ ಮೇಲೆ ಇಳಿಯುತ್ತದೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಮದ ಇಳಿಯದ ಆನೆಯನ್ನು ‘ಕುಡಿದಿರಬೇಕು’ ಎಂದು ತಿಳಿದು ರಾತ್ರಿ ಕಳೆದರೆ ಸರಿಹೋಗುತ್ತದೆಂದು ಕಾಯುವುದು ಅಪಾಯದ ಮಾತು. ಹಳೆಯ ಕಾವ್ಯಗಳ ಮದಗಜಕ್ಕೆ ಈ ಶ್ಲೇಷೆ ಶೋಭೆ ತಂದಿರಬಹುದು. ಕಾಡಂಚಿನ ಊರಿನ ಸುದ್ದಿ ಬರೆಯುವವರು ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಕೋತಿಯ ವಾದ, ಪ್ರತಿವಾದ

ಅಮಲಿಗಾಗಿಯೇ ಪ್ರಾಣಿಗಳು ಮದ್ಯ ಹುಡುಕುತ್ತವೆಯೇ ಎಂಬ ಪ್ರಶ್ನೆಗೆ ಹೆಚ್ಚು ಚರ್ಚೆ ನಡೆದಿರುವುದು ವಾನರರ ವಿಷಯದಲ್ಲಿ. ಬರ್ಕ್ಲಿಯ ರಾಬರ್ಟ್ ಡಡ್ಲಿ 2000ದಲ್ಲಿ ಮಂಡಿಸಿದ ಊಹೆಯ ಸಾರ ಇದು: ದಟ್ಟ ಕಾಡಿನಲ್ಲಿ ಹಣ್ಣು ದೂರಕ್ಕೆ ಕಾಣುವುದಿಲ್ಲ, ಆದರೆ ಎಥೆನಾಲ್‌ನ ವಾಸನೆ ಗಾಳಿಯಲ್ಲಿ ಬರುತ್ತದೆ, ಆ ವಾಸನೆಯ ಜಾಡು ಹಿಡಿದ ಪೂರ್ವಜರಿಗೆ ಕಳಿತ, ಸಿಹಿಯಾದ, ಶಕ್ತಿ ತುಂಬಿದ ಹಣ್ಣು ಮೊದಲು ದಕ್ಕಿತು, ಹೀಗೆ ಮದ್ಯದ ವಾಸನೆಗೂ ಆಹಾರದ ಖುಷಿಗೂ ಮಿದುಳಿನಲ್ಲಿ ನಂಟು ಬೆಳೆಯಿತು. ಮನುಷ್ಯನ ಕುಡಿತದ ಬೇರು ಇಲ್ಲಿದೆ ಎಂಬುದು ಡಡ್ಲಿಯವರ ವಾದ. ಅದೇ ಬರ್ಕ್ಲಿಯ ಕ್ಯಾಥರೀನ್ ಮಿಲ್ಟನ್ 2004ರಲ್ಲಿ ಇದನ್ನು ಒಪ್ಪಲಿಲ್ಲ. ಕಾಡಿನ ವಾನರಗಳನ್ನು ದಶಕಗಳ ಕಾಲ ನೋಡಿದ್ದ ಅವರ ಪ್ರಕಾರ, ಅವು ಹದವಾಗಿ ಮಾಗಿದ ಹಣ್ಣನ್ನು ತಿಂದು ಕೊಳೆತದ್ದನ್ನು ಬಿಟ್ಟುಹೋಗುತ್ತವೆ.

ಆಮೇಲಿನ ಪುರಾವೆ ಎರಡೂ ಕಡೆಗೆ ವಾಲಿದೆ. ಪನಾಮದ ಜೇಡಕೋತಿಗಳು ತಿನ್ನುವ ಒಂದು ಜಾತಿಯ ಅಮಟೆ ಹಣ್ಣಿನಲ್ಲಿ ಶೇ 1ರಿಂದ 2ರಷ್ಟು ಎಥೆನಾಲ್ ಇರುವುದನ್ನೂ, ಆ ಕೋತಿಗಳ ಮೂತ್ರದಲ್ಲಿ ಅದರ ಅವಶೇಷ ಇರುವುದನ್ನೂ 2022ರ ಅಧ್ಯಯನ ತೋರಿಸಿತು. ಇದಕ್ಕಿಂತ ಕುತೂಹಲದ ಪ್ರಕರಣ ಗಿನಿ ದೇಶದ ಬೊಸ್ಸು ಎಂಬಲ್ಲಿಯದು. ಅಲ್ಲಿ ಹಳ್ಳಿಗರು ರಾಫಿಯಾ ತಾಳೆಯ ನೆತ್ತಿಗೆ ಡಬ್ಬ ಕಟ್ಟಿ ಹೆಂಡ ಇಳಿಸುತ್ತಾರೆ. ಚಿಂಪಾಂಜಿಗಳು ಅವರಿಲ್ಲದ ಹೊತ್ತಿನಲ್ಲಿ ಮರ ಹತ್ತಿ, ಎಲೆಗಳನ್ನು ಬಾಯಲ್ಲಿ ಅಗಿದು ಸ್ಪಂಜಿನಂತೆ ಮಾಡಿ, ಡಬ್ಬದಲ್ಲಿ ಅದ್ದಿ ಹೀರುತ್ತವೆ. 1995ರಿಂದ 2012ರವರೆಗಿನ ವೀಕ್ಷಣೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ಹೆಂಡದ ಮದ್ಯಸಾರ ಸರಾಸರಿ ಶೇ 3.1, ಗರಿಷ್ಠ ಶೇ 6.9. ಕುಡಿದ ಮೇಲೆ ಕೆಲವು ಅಲ್ಲೇ ಒರಗಿದ್ದೂ ಉಂಟು. ಆದರೆ ಡಬ್ಬದೊಳಗೆ ಮದ್ಯದ ಜೊತೆ ಸಕ್ಕರೆಯೂ ಇತ್ತು. ಚಿಂಪಾಂಜಿ ಯಾವುದಕ್ಕಾಗಿ ಮರ ಹತ್ತಿತು ಎಂಬುದನ್ನು ಡಬ್ಬ ಹೇಳುವುದಿಲ್ಲ. ಡಡ್ಲಿಯವರ ಊಹೆಯನ್ನು ಪೂರ್ತಿ ಒಪ್ಪಿದರೂ ಅದು ಹೇಳುವುದು ಎಥೆನಾಲ್ ಆಹಾರದ ಗುರುತು ಎಂಬುದನ್ನೇ, ಕೋತಿ ಕುಡುಕನೆಂಬುದನ್ನಲ್ಲ.

ಅಫೀಮು, ಹುಚ್ಚುಜೇನು, ಕಾಫಿ ಹೂವು

ಮದ್ಯವಲ್ಲದ ಅಮಲುಗಳ ಕಥೆಗಳಲ್ಲಿ ಸತ್ವ ಇರುವುದು ಕೆಲವಕ್ಕೆ ಮಾತ್ರ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಜಿಲ್ಲೆಗಳಲ್ಲಿ ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುವ ರೈತರಿಗೆ ಗಿಳಿಗಳ ಕಾಟ ನಿಜವಾದದ್ದು. ನಿಗದಿತ ಇಳುವರಿ ತೂಗಿ ಕೊಡದಿದ್ದರೆ ಪರವಾನಗಿಗೇ ಕುತ್ತು ಬರುವುದರಿಂದ ಅವರು ಹಗಲಿಡೀ ಹೊಲ ಕಾಯುತ್ತಾರೆ. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಕಾಂಗರೂ ಬಳಗದ ವಾಲಬಿಗಳು ಅಫೀಮಿನ ಹೊಲಕ್ಕೆ ನುಗ್ಗಿ ಸುತ್ತು ಹೊಡೆಯುತ್ತವೆ ಎಂದು 2009ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಶಾಸಕಾಂಗದ ಸಮಿತಿಯ ಮುಂದೆಯೇ ಹೇಳಿದ್ದರು. 2022ರಲ್ಲಿ ಟರ್ಕಿಯ ಕರಡಿ ಮರಿಯೊಂದು ರೋಡೋಡೆಂಡ್ರಾನ್ ಹೂವಿನಿಂದ ಬಂದ ‘ಹುಚ್ಚುಜೇನು’ ತಿಂದು ಮೈಮರೆತು ಬಿದ್ದಿತ್ತು. ಅದಕ್ಕೆ ಆದದ್ದು ವಿಷಪ್ರಾಶನ, ಚಿಕಿತ್ಸೆಯ ಬಳಿಕ ಚೇತರಿಸಿಕೊಂಡಿತು. ಇನ್ನು ಠಾಣೆಯಲ್ಲಿಟ್ಟಿದ್ದ 500 ಕಿಲೋಗೂ ಹೆಚ್ಚು ಗಾಂಜಾವನ್ನು ಇಲಿಗಳು ತಿಂದವು ಎಂದು 2022ರಲ್ಲಿ ಮಥುರಾದ ಪೊಲೀಸರು ನ್ಯಾಯಾಲಯಕ್ಕೆ ತಿಳಿಸಿದ್ದನ್ನು ಪ್ರಾಣಿಶಾಸ್ತ್ರದ ಅಡಿಯಲ್ಲಿ ಚರ್ಚಿಸುವುದು ಇಲಿಗಳಿಗೆ ಮಾಡುವ ಅನ್ಯಾಯವಾದೀತು.

ಇವೆಲ್ಲಕ್ಕಿಂತ ಗಟ್ಟಿಯಾದ ಪುರಾವೆ ನಮ್ಮ ಚಿಕ್ಕಮಗಳೂರು, ಕೊಡಗಿಗೆ ಹತ್ತಿರದ್ದು. ಹೂಮಳೆ ಬಿದ್ದು ಕಾಫಿ ಗಿಡಗಳು ಬೆಳ್ಳಗಾದಾಗ ಆ ಹೂಗಳ ಮಕರಂದದಲ್ಲಿ ಕೆಫೀನ್ ಇರುತ್ತದೆ, ಜೇನುಹುಳಕ್ಕೆ ಕಹಿ ತಟ್ಟದಷ್ಟು ಸಣ್ಣ ಪ್ರಮಾಣದಲ್ಲಿ. ಅಷ್ಟು ಕೆಫೀನ್ ಬೆರೆತ ಸಕ್ಕರೆನೀರು ಕುಡಿದ ಜೇನುಹುಳಗಳು ಆ ವಾಸನೆಯನ್ನು ಮರುದಿನವೂ ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತವೆ ಎಂದು 2013ರ ಪ್ರಯೋಗ ತೋರಿಸಿತು. ನೆನಪಿಟ್ಟ ಹುಳ ಮತ್ತೆ ಅದೇ ಬಗೆಯ ಹೂವಿಗೆ ಬರುತ್ತದೆ, ಪರಾಗ ಸಾಗುತ್ತದೆ, ಕಾಯಿ ಕಟ್ಟುತ್ತದೆ. ಇಲ್ಲಿ ಉತ್ತೇಜಕವನ್ನು ಬಳಸಿಕೊಳ್ಳುತ್ತಿರುವುದು ಗಿಡ.

ಮಡಕೆಯಲ್ಲಿ ಅಮಲಿಗಿಂತ ದೊಡ್ಡ ಅಪಾಯ

ಬೆಂಗಳೂರಿನ ಹಳೆಯ ಹೆಂಚಿನ ಮನೆಗಳ ಅಟ್ಟದಲ್ಲಿ ಇಂದಿಗೂ ಬೀಡುಬಿಡುವ ಕಬ್ಬೆಕ್ಕಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಟಾಡಿ ಕ್ಯಾಟ್’, ಅಂದರೆ ಹೆಂಡದ ಬೆಕ್ಕು. ತಾಳೆ, ಈಚಲು ಮರಗಳಿಗೆ ಕಟ್ಟಿದ ಮಡಕೆಗೆ ಅದು ಬಾಯಿ ಹಾಕುತ್ತಿದ್ದುದೇ ಹೆಸರಿಗೆ ಕಾರಣ. ಅದೇ ಮಡಕೆಗೆ ಬಾವಲಿಗಳೂ ಬರುತ್ತವೆ, ಗಂಭೀರವಾದ ವಿಷಯ ಇರುವುದು ಇಲ್ಲಿ. ಬಾಂಗ್ಲಾದೇಶದಲ್ಲಿ ಚಳಿಗಾಲದ ರಾತ್ರಿ ಈಚಲಿನ ಜಾತಿಯ ಖರ್ಜೂರದ ಮರದಿಂದ ರಸ ಇಳಿಸುವಾಗ ದೊಡ್ಡ ಹಣ್ಣುಬಾವಲಿಗಳು ಅದನ್ನು ನೆಕ್ಕಿ, ಜೊಲ್ಲು ಮೂತ್ರಗಳನ್ನು ಬೆರೆಸಿಹೋಗುತ್ತವೆ. ಬೆಳಗ್ಗೆ ಆ ರಸವನ್ನು ಕಾಯಿಸದೆ ಕುಡಿದವರಿಗೆ ನಿಪಾ ಸೋಂಕು ತಗುಲಿದ ಪ್ರಕರಣಗಳು ಮತ್ತೆ ಮತ್ತೆ ದೃಢಪಟ್ಟಿವೆ. ರಸ ಒಸರುವ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟಿದರೆ ಬಾವಲಿ ತಲುಪುವುದಿಲ್ಲ ಎಂಬುದೂ ಅಲ್ಲೇ ಕಂಡುಕೊಂಡ ಉಪಾಯ.

ಬಾವಲಿ ಬರುವುದು ಆಗತಾನೆ ಇಳಿದ, ಇನ್ನೂ ಹುಳಿಯದ ಸಿಹಿರಸಕ್ಕೆ. ಹಣ್ಣುಬಾವಲಿಗಳ ಮೇಲೆ ಇಸ್ರೇಲಿನಲ್ಲಿ ನಡೆದ ಪ್ರಯೋಗಗಳಲ್ಲಿ, ಎಥೆನಾಲ್ ಶೇ 1 ಮೀರಿದ ಆಹಾರದಿಂದ ಅವು ದೂರ ಸರಿದವು. ಅದನ್ನು ತಿಂದವುಗಳ ಹಾರಾಟದ ಹದ ತಪ್ಪಿತು. ಕತ್ತಲಲ್ಲಿ ಹಾರುವ ಜೀವಿಗೆ ಹದ ತಪ್ಪುವುದೆಂದರೆ ಗೋಡೆಗೆ ಬಡಿಯುವುದು. ‘ಹೆಂಡ ಹುಡುಕುವ ಬಾವಲಿ’ ಎಂದು ಬರೆದುಬಿಟ್ಟರೆ, ನೀರಾ ಸುರಕ್ಷಿತ ಎಂಬ ತಪ್ಪು ತೀರ್ಮಾನಕ್ಕೆ ಓದುಗ ಬರಬಹುದು. ಅಪಾಯವಿರುವುದು ಬಾಯಿ ಮುಚ್ಚದ ಮಡಕೆಯ ತಾಜಾ ರಸದಲ್ಲೇ. 2018ರಿಂದ ಈಚೆಗೆ ಕೇರಳದಲ್ಲಿ ನಿಪಾ ಹಲವು ಬಾರಿ ಕಾಣಿಸಿಕೊಂಡಿರುವಾಗ, ಗಡಿಯ ಈಚೆಗಿನ ನಮಗೂ ಈ ವ್ಯತ್ಯಾಸ ಮುಖ್ಯ.

ಬನ್ನೇರುಘಟ್ಟದ ಅಂಚಿನಲ್ಲಿ

ಡಿಎನ್‌ಎ ಆಧರಿಸಿ ನಡೆಸಿದ, 2025ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ದೇಶದ 22,446 ಕಾಡಾನೆಗಳಲ್ಲಿ 6,013 ಕರ್ನಾಟಕದಲ್ಲಿವೆ. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಬನ್ನೇರುಘಟ್ಟದಿಂದ ಕಾವೇರಿ ವನ್ಯಧಾಮದವರೆಗೆ, ಅತ್ತ ತಮಿಳುನಾಡಿನ ತಳಿ, ಹೊಸೂರು ಕಾಡುಗಳವರೆಗೆ ಅವು ಓಡಾಡುವ ದಾರಿಯಲ್ಲಿ ಆನೇಕಲ್, ಕನಕಪುರ ತಾಲ್ಲೂಕುಗಳ ಹೊಲಗಳಿವೆ. ಕಾಡಂಚಿನಲ್ಲಿ ಎಲ್ಲೇ ಆಗಲಿ ಕಳ್ಳಬಟ್ಟಿಗಾಗಿ ಬೆಲ್ಲದ ಕೊಳೆ (ಹುಳಿಯಲು ಬಿಟ್ಟ ಬೆಲ್ಲದ ನೀರು) ಹಾಕಿದ್ದರೆ ಆನೆಗೆ ಅದರ ವಾಸನೆ ತಾಗದೆ ಇರುವುದಿಲ್ಲ. ಆಫ್ರಿಕಾದ ಆನೆಯಲ್ಲಿ ವಾಸನೆ ಗ್ರಹಿಸುವ ವಂಶವಾಹಿಗಳು ಸುಮಾರು 2,000 ಎಂದು 2014ರಲ್ಲಿ ಎಣಿಸಲಾಗಿದೆ. ಇದು ಮನುಷ್ಯನದರ ಐದು ಪಟ್ಟು, ನಾಯಿಯದರ ಎರಡು ಪಟ್ಟಿಗೂ ಹೆಚ್ಚು. ಆನೆಯ ಮೂಗಿಗೆ ಕೊಳೆ ಎಂದರೆ ಬೆಲ್ಲ, ಅಕ್ಕಿಯ ಹೆಂಡದ ಮಡಕೆ ಎಂದರೆ ಧಾನ್ಯ. ಅಸ್ಸಾಂ, ಒಡಿಶಾಗಳಲ್ಲಿ ಆನೆ ಗೋಡೆ ಒಡೆದು ಅಕ್ಕಿಯ ಹೆಂಡ ಕುಡಿಯಿತು ಎಂಬ ವರದಿಗಳನ್ನು ಗಮನಿಸಿ ಓದಿದರೆ, ಅದೇ ಮನೆಯ ಅಕ್ಕಿಯನ್ನೂ ಅದು ತಿಂದಿರುತ್ತದೆ.

ಆನೆ ಹೊಲಕ್ಕೆ ಬರುವ ಕಾರಣವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದಲ್ಲೇ ವಿವರಿಸಿದ್ದರು. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಂಥ ಬೆಳೆಗಳಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಬೆಳೆ ಮೇಯುವುದರಲ್ಲಿ ಹೆಣ್ಣಾನೆಗಿಂತ ಬಲಿತ ಗಂಡಾನೆಗಳೇ ಬಹಳ ಮುಂದು. ಏಕೆಂದರೆ ಗುಂಡು, ಪಟಾಕಿ, ಬೇಲಿಗಳ ಅಪಾಯವನ್ನು ಎದುರಿಸಿ ಮೈ ಬೆಳೆಸಿಕೊಂಡ ಗಂಡಿಗೆ ಸಂತಾನದ ಸ್ಪರ್ಧೆಯಲ್ಲಿ ಲಾಭವಿದೆ, ಮರಿಯ ಜೊತೆಗಿರುವ ಹೆಣ್ಣಿಗೆ ಆ ಅಪಾಯ ದುಬಾರಿ.

ಮದ್ಯದ ವಾದವನ್ನು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ದಾರಿ ಪಂಚಾಂಗ. ಕಳ್ಳಬಟ್ಟಿಗೆ ಋತುವಿಲ್ಲ, ಬೆಲ್ಲ ವರ್ಷವಿಡೀ ಸಿಗುತ್ತದೆ. ಆನೆ ಮದ್ಯಕ್ಕಾಗಿಯೇ ಬರುವುದಾದರೆ ವರ್ಷವಿಡೀ ಬರಬೇಕಿತ್ತು. ಬನ್ನೇರುಘಟ್ಟದ ಅಂಚಿನಲ್ಲಿ ಹಾವಳಿ ಏರುವುದು ರಾಗಿ ತೆನೆ ಬಲಿಯುವ ನವೆಂಬರ್‌ನಿಂದ ಕೊಯ್ಲು ಮುಗಿಯುವ ಜನವರಿಯವರೆಗೆ. ಕೊಡಗಿನ ಕಾಫಿ ತೋಟಗಳಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ. ಆದ್ದರಿಂದಲೇ ಕೊಡಗಿನ ಅನೇಕ ಬೆಳೆಗಾರರು ಹಲಸನ್ನು ಕಾಯಿಯಿರುವಾಗಲೇ ಕಿತ್ತು ಕೆಡವುತ್ತಾರೆ. ಹಣ್ಣಿನ ವಾಸನೆ ಹರಡುವ ಮೊದಲೇ ಮರ ಬರಿದಾಗಿದ್ದರೆ ಆನೆಗೆ ಒಳಗೆ ಬರಲು ಒಂದು ಕಾರಣ ಕಡಿಮೆ.

ಕಾರಣವನ್ನು ಮದ್ಯಕ್ಕೆ ಕಟ್ಟಿದಾಗ ಪರಿಹಾರವೂ ಅತ್ತಲೇ ಓಡುತ್ತದೆ. ‘ಕುಡುಕ ಆನೆ’ ಎಂಬ ಹೆಸರು ಬಿದ್ದ ಒಂಟಿಸಲಗವನ್ನು ಹಿಡಿದು ಸಾಗಿಸಬೇಕೆಂಬ ಕೂಗು ಏಳುತ್ತದೆ. ಅದು ಹೋದ ಮೇಲೂ ರಾಗಿ ಅಲ್ಲೇ ಇರುತ್ತದೆ, ಮುಂದಿನ ಸುಗ್ಗಿಗೆ ಬೇರೊಂದು ಸಲಗ ಬರುತ್ತದೆ. ಅಬಕಾರಿ ದಾಳಿಯಲ್ಲಿ ಸಿಕ್ಕ ಕೊಳೆಯನ್ನು ಸ್ಥಳದಲ್ಲೇ ನೆಲಕ್ಕೆ ಚೆಲ್ಲಿ ನಾಶಪಡಿಸುವ ರೂಢಿಯನ್ನು ಕಾಡಿಗೆ ತಾಗಿದ ಊರುಗಳಲ್ಲಾದರೂ ಮರುಪರಿಶೀಲಿಸಬೇಕು. ಚೆಲ್ಲಿದ ಕೊಳೆಯಲ್ಲಿ ಬೆಲ್ಲದ ವಾಸನೆ ಹಾಗೇ ಇರುತ್ತದೆ. ಆದರೆ ಅದು ಸಣ್ಣ ವಿಷಯ. ಆನೆ ತಡೆಯಲು ಹಳೆಯ ರೈಲು ಹಳಿಗಳಿಂದ ಕಟ್ಟುವ ಬೇಲಿ ಎಲ್ಲಿ ಅರ್ಧಕ್ಕೆ ನಿಂತಿದೆ, ಬೆಳೆ ಪರಿಹಾರದ ಹಣ ರೈತನ ಕೈಸೇರಲು ಎಷ್ಟು ತಿಂಗಳು ಹಿಡಿಯುತ್ತದೆ, ಕೊಯ್ದ ರಾಗಿ ಕಾಡಿನ ಕಡೆಯ ಹೊಲದಲ್ಲಿ ಎಷ್ಟು ರಾತ್ರಿ ಮೆದೆಯಾಗಿ ಕೂತಿರುತ್ತದೆ ಎಂಬುವು ದೊಡ್ಡವು. ಕಣಕ್ಕೆ ಆಳು ಸಿಗದೆ, ಒಕ್ಕಣೆ ಯಂತ್ರದ ಸರದಿ ಬಾರದೆ ಮೆದೆ ವಾರಗಟ್ಟಲೆ ಅಲ್ಲೇ ಉಳಿದಾಗ, ಒಂದು ರಾತ್ರಿ ಆನೆ ಬಂದು ಅದನ್ನು ಎಳೆದು ತಿಂದು, ಬೆಳಗಾಗುವುದರೊಳಗೆ ಕಾಡು ಸೇರಿರುತ್ತದೆ, ಎಲ್ಲೂ ತೂರಾಡದೆ.